ಟ್ರೆಡ್‌ಮಿಲ್ಲಿಗೆ ಕಟ್ಟಿದ ಬಿಲ್ಲೆ

ಕೆ.ಜಿ.ಎಫ್ ಗಣಿಯೂರಿನ ಮೈಸೂರು ಮೈನ್ಸ್‌ನ ನಮ್ಮ ಮನೆಗೆ ಟ್ರೆಡ್‌ಮಿಲ್ ಬಂದದ್ದು ನನ್ನ ಮಂಡಿಯ ದೆಸೆಯಿಂದ. ದಿನಾ ನಡೀರಿ ಮೇಡಂ ಅಂತ ಡಾಕ್ಟರು ಹೇಳಿಬಿಟ್ಟರು. ಗಣಿ ಕೆಲಸಗಾರರ ಸಾಲುಮನೆಗಳ ನಮ್ಮ ಲೈನಿನ ನಾಯಿಗಳನ್ನು ಅವರು ನೋಡಿರಲಿಲ್ಲ. ಕೋಲಾರದಲ್ಲಿರುವ ನನ್ನ ತಂಗಿ ತನ್ನ ಮನೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮಷೀನನ್ನು ಲಗೇಜ್ ಆಟೋಗೆ ಹಾಕಿ ಕಳಿಸಿದಳು. ಸ್ವಲ್ಪ ದಿನ ನಡೆದೆ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಬರಿಗಾಲಲ್ಲಿ, ಕಿಟಕಿಯಾಚೆ ಚಿನ್ನ ತೆಗೆದು ಬಿಸಾಡಿದ ಮಣ್ಣಿನ ಸೈನೈಡ್ ಗುಡ್ಡ ನೋಡುತ್ತ. ಎಷ್ಟು ನಡೆದರೂ ಗುಡ್ಡ ಹತ್ತಿರ ಬರುತ್ತಿರಲಿಲ್ಲ, ಅದೊಂದು ತಮಾಷೆ. ಒಂದು ಬೆಳಿಗ್ಗೆ ಮಷೀನು ಗರ್ ಅಂತ ಸದ್ದು ಮಾಡಿ ನಿಂತುಹೋಯಿತು. ಆಮೇಲೆ ಅದರ ಹಿಡಿಗಳ ಮೇಲೆ ನನ್ನ ಸೀರೆ, ಲಂಗ ಒಣಗತೊಡಗಿದವು. ಕೆ.ಜಿ.ಎಫ್‌ನಲ್ಲಿ ಟ್ರೆಡ್‌ಮಿಲ್ ಇರುವ ಮನೆಗಳಲ್ಲೆಲ್ಲ ಅದರ ಗತಿ ಹೀಗೇ ಅಂತ ಗೊತ್ತಾದದ್ದು ಬಹಳ ಲೇಟಾಗಿ.

ಅದನ್ನು ಸರಿಮಾಡಿದವನು ನನ್ನ ಮೈದುನ, ನಮ್ಮ ಯಜಮಾನರ ಕೊನೇ ತಮ್ಮ. ನಾನು ಮದುವೆಯಾಗಿ ಬಂದಾಗ ಇನ್ನೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದ. ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನನಗೆ ಕಲಿಸಿದ ಇಂಗ್ಲಿಷ್ ರೈಮುಗಳನ್ನು ಅವನಿಗೆ ಕಲಿಸಲು ಹೋಗಿ ಸೋತಿದ್ದೆ. ಅವನ ಬಾಯಲ್ಲಿ ‘ಹ’ಕಾರವೇ ನಿಲ್ಲುತ್ತಿರಲಿಲ್ಲ, ಹೌಸ್ ಅಂದರೆ ಔಸ್, ಹಾರ್ಸ್ ಅಂದರೆ ಆರ್ಸ್. ದೊಡ್ಡವನಾದ ಮೇಲೆ ಅಣ್ಣನೇ ಅವನನ್ನು ನಂದಿದುರ್ಗ ಗಣಿಯಲ್ಲಿ ಫಿಟ್ಟರ್ ಕೆಲಸಕ್ಕೆ ಸೇರಿಸಿದರು. ಮೈನ್ಸ್ ಮುಚ್ಚಿದ ಮೇಲೆ ಅವನು ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ ಹೆಂಡತಿ ಮನೆ ಕಡೆ ಸೇರಿಕೊಂಡ. ಅವಳು ಹಸು ಕಟ್ಟಿ ಡೈರಿಗೆ ಹಾಲು ಹಾಕುತ್ತಿದ್ದಳು, ಇವನು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಜಿಮ್ ಮಷೀನುಗಳ ಸರ್ವೀಸ್ ಮಾಡಿ ರಾತ್ರಿ ವಾಪಸ್ ಬರುತ್ತಿದ್ದ. ಅಲ್ಲಿ ವಯಸ್ಸಾಯಿತು ಅಂತ ಬಿಡಿಸಿದರು. ಯಜಮಾನರು ತೀರಿಕೊಂಡ ಮೇಲೆ ನನ್ನ ಮನೆಗೆ ಯಾರನ್ನೂ ಕೇಳದೆ ನೇರ ಅಡುಗೆಮನೆವರೆಗೂ ಬರುತ್ತಿದ್ದ ಗಂಡಸು ಅವನೊಬ್ಬನೇ. ಬಂದು ಸೀರೆಗಳನ್ನು ಪಕ್ಕಕ್ಕೆ ಸರಿಸಿ, ಮಷೀನಿನ ಮುಚ್ಚಳ ಬಿಚ್ಚಿ, ಒಳಗಿನಿಂದ ಬೆಕ್ಕಿನ ಮರಿಯಷ್ಟು ಧೂಳು ತೆಗೆದ.

‘ಮೈನ್ಸ್‌ನಾಗೆ ಡ್ರಮ್ ಸುತ್ತಿಸ್ತಿದ್ವಿ, ಇಲ್ಲಿ ಬೆಲ್ಟ್ ಸುತ್ತಿಸ್ತೀವಿ. ಅಷ್ಟೇ ಅತ್ಗೆ’ ಅಂದ.

ಐಡಿಯಾ ನನ್ನದು. ಫ್ರಾಂಕ್ಲಿ ಹೇಳುತ್ತೇನೆ, ಈ ವಯಸ್ಸಿನಲ್ಲಿ ಒಂದು ಬಿಸಿನೆಸ್ ಶುರುಮಾಡಬೇಕು ಅನ್ನುವ ಹುಚ್ಚು ಅವನಿಗಿರಲಿಲ್ಲ, ನನಗೆ ಹಿಡಿಯಿತು. ಅವನಿಗೆ ಕೈ ಇತ್ತು, ನನಗೆ ಬಾಯಿ ಇತ್ತು. ಮಷೀನುಗಳ ಇಂಗ್ಲಿಷ್ ಪುಸ್ತಕ ಓದಿ ಹೇಳುವವಳು ನಾನು, ಬಿಡಿಭಾಗ ಮಾರುವವರ ಜೊತೆ ಫೋನಿನಲ್ಲಿ ಕಾನ್ವೆಂಟ್ ಇಂಗ್ಲಿಷ್ ಉದುರಿಸಿ ಹೆದರಿಸುವವಳು ನಾನು. ಮುಂಭಾಗದ ವರಾಂಡಕ್ಕೆ ತಗಡು ಹೊದಿಸಿ ಶೆಡ್ ಮಾಡಿಕೊಂಡೆವು. ಬೋರ್ಡು ಬರೆಸಿದೆವು. ಪೇಂಟರು ಫಿಟ್ನೆಸ್ ಅನ್ನುವುದನ್ನು ಎರಡು ಸಲ ತಪ್ಪು ಬರೆದ, ನಾನು ಸ್ಟೂಲ್ ಹಾಕಿಕೊಂಡು ನಿಂತು ತಿದ್ದಿಸಿದೆ. ಲೈನಿನ ಹೆಂಗಸರು ನಕ್ಕರು. ಟೀಚರಮ್ಮನಿಗೆ ಈಗ ಗರಡಿ ಮನೆ ಬೇಕಾಯ್ತಾ ಅಂದರಂತೆ. ನಾನು ಯಾವತ್ತೂ ಟೀಚರ್ ಆಗಿರಲಿಲ್ಲ, ಮೈನ್ಸ್ ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದೆ. ಇಂಗ್ಲಿಷ್ ಮಾತಾಡುವ ಹೆಂಗಸರೆಲ್ಲ ಟೀಚರಮ್ಮಂದಿರೇ ಇಲ್ಲಿ.

ನಮ್ಮಲ್ಲಿ ಎರಡು ಕಟ್ಟಳೆ ಇದ್ದವು. ಒಂದು ನನ್ನದು. ನಾನು ಹತ್ತಿ ನಡೆದು ನೋಡದೆ ಯಾವ ಟ್ರೆಡ್‌ಮಿಲ್ಲೂ ನಮ್ಮ ಶೆಡ್ ಬಿಟ್ಟು ಹೋಗಬಾರದು. ಪ್ರತಿ ಟ್ರೆಡ್‌ಮಿಲ್ಲಿಗೂ ಒಂದು ಕೆಂಪು ಸೇಫ್ಟಿ ಕೀ ಇರುತ್ತದೆ. ದಾರದ ಒಂದು ತುದಿ ಮಷೀನಿಗೆ, ಇನ್ನೊಂದು ತುದಿಯ ಕ್ಲಿಪ್ ನಡೆಯುವವರ ಬಟ್ಟೆಗೆ. ಎಡವಿದರೆ ದಾರ ಎಳೆದು ಕೀ ಕಳಚಿಕೊಳ್ಳುತ್ತದೆ, ಬೆಲ್ಟ್ ತಕ್ಷಣ ನಿಲ್ಲುತ್ತದೆ. ನಾನು ಕ್ಲಿಪ್ಪನ್ನು ಸೆರಗಿಗೆ ಸಿಕ್ಕಿಸಿ ನಡೆಯುತ್ತೇನೆ, ನಡೆಯುತ್ತ ನಡೆಯುತ್ತ ಎಳೆಯುತ್ತೇನೆ. ನಿಂತರೆ ಪಾಸ್. ‘ಅಜ್ಜಿ ನಡೆದ ಮಷೀನು’ ಅನ್ನುವುದು ನಮ್ಮ ಬಿಸಿನೆಸ್ಸಿನ ಗುರುತೇ ಆಗಿಹೋಯಿತು. ರಾಬರ್ಟ್‌ಸನ್‌ಪೇಟೆಯ ಒಬ್ಬರಂತೂ ನಾನು ನಡೆಯುವುದನ್ನು ವಿಡಿಯೊ ಮಾಡಿಕೊಂಡು ಹೋದರು.

ಎರಡನೆಯದು ಮೈನ್ಸ್‌ನಿಂದ ಬಂದ ಕಟ್ಟಳೆ. ಗಣಿ ಕೆಲಸಗಾರರಿಗೆಲ್ಲ ಹಿತ್ತಾಳೆಯ ಬಿಲ್ಲೆ ಇರುತ್ತಿತ್ತು, ಮೇಲೆ ಅವರವರ ನಂಬರು. ನಮ್ಮ ಯಜಮಾನರ ಸೆಕ್ಷನ್ನಿನ ಫಿಟ್ಟರುಗಳು ಮಷೀನಿನ ಒಳಗೆ ಕೈಹಾಕುವ ಮುಂಚೆ ಸ್ವಿಚ್ಚಿಗೆ ತಮ್ಮ ಬಿಲ್ಲೆ ಕಟ್ಟುತ್ತಿದ್ದರು. ಬಿಲ್ಲೆ ಇದ್ದರೆ ಆ ಸ್ವಿಚ್ಚು ಯಾರೂ ಮುಟ್ಟುವಂತಿಲ್ಲ. ಕಟ್ಟಿದವನೇ ಬಿಚ್ಚಬೇಕು. ಅವನು ಊಟಕ್ಕೆ ಹೋಗಿರಲಿ, ಮರೆತು ಮನೆಗೇ ಹೋಗಿರಲಿ, ಕರೆಸಿ ಅವನ ಕೈಯಲ್ಲೇ ಬಿಚ್ಚಿಸಬೇಕು. ಒಂದು ಸಲ ನನ್ನ ಮೈದುನನ ಬಿಲ್ಲೆ ಸ್ವಿಚ್ಚಿಗೆ ತೂಗುತ್ತಿದ್ದಾಗ, ಅವನು ಟೀ ಕುಡಿಯೋಕೆ ಹೋಗಿರಬೇಕು, ಬಿಚ್ಚಿ ಮಷೀನ್ ಶುರುಮಾಡಿ ಅಂತ ಮೇಲಿನವರು ನಮ್ಮ ಯಜಮಾನರಿಗೆ ಹೇಳಿದರಂತೆ. ಇವರು ಬಿಚ್ಚಲಿಲ್ಲ. ಬೈಸಿಕೊಂಡು ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತರು. ಸ್ವಲ್ಪ ಹೊತ್ತಿಗೆ ಮಷೀನಿನ ಹಿಂದಿನಿಂದ ಗ್ರೀಸು ಮೆತ್ತಿದ ಎರಡು ಕೈ ಈಚೆಗೆ ಬಂದವು, ಆಮೇಲೆ ಮೈದುನನ ತಲೆ. ಆ ಕತೆಯನ್ನು ನಮ್ಮ ಮನೆಯಲ್ಲಿ ಹೇಳುತ್ತಿದ್ದವನು ಅವನೇ. ಹಬ್ಬದ ದಿನ ಊಟಕ್ಕೆ ಕೂತರೆ ಎಲೆಯ ಮುಂದೆ ಎರಡೂ ಕೈ ಚಾಚಿ, ಇವು ನಮ್ಮಣ್ಣ ಕೊಟ್ಟಿದ್ದು ಅನ್ನುತ್ತಿದ್ದ.

ಯಜಮಾನರ ಬಿಲ್ಲೆ ನನ್ನ ಹತ್ತಿರ ಉಳಿದಿತ್ತು. ಶೆಡ್ಡಿನ ಬಾಗಿಲ ಪಕ್ಕ ಮೊಳೆ ಹೊಡೆದು ಅಲ್ಲಿ ತೂಗುಹಾಕಿದ್ದೆ. ಯಾವುದಾದರೂ ಮಷೀನು ಓಡಿಸಬಾರದ ಸ್ಥಿತಿಯಲ್ಲಿದ್ದರೆ ಅದರ ಪ್ಲಗ್ಗಿಗೆ ನಾನೇ ಆ ಬಿಲ್ಲೆ ಕಟ್ಟುತ್ತಿದ್ದೆ, ರಿಪೇರಿ ಮುಗಿದ ಮೇಲೆ ನಾನೇ ಬಿಚ್ಚುತ್ತಿದ್ದೆ. ಮೊದಲ ಸಲ ಕಟ್ಟಿದಾಗ ಮೈದುನ ಅದನ್ನು ನೋಡಿ ಕಣ್ಣೊರೆಸಿಕೊಂಡಿದ್ದ.

ಬಂಗಾರಪೇಟೆಯಲ್ಲಿ ಅಕ್ಕಿ ಅಂಗಡಿಯ ಮೇಲೆ ಒಂದು ಜಿಮ್ ಇದೆ. ಅದರ ಯಜಮಾನ ಚಿಕ್ಕ ವಯಸ್ಸಿನವನು, ಒಳ್ಳೆಯ ಹುಡುಗನೇ. ಹೆಂಗಸರಿಗೆ ಬೇರೆ ಬ್ಯಾಚ್ ಶುರುಮಾಡುತ್ತೇನೆ ಅಂತ ಸೆಕೆಂಡ್ ಹ್ಯಾಂಡ್ ಟ್ರೆಡ್‌ಮಿಲ್ ಒಂದನ್ನು ಕೊಂಡು ನಮ್ಮಲ್ಲಿಗೆ ಕಳಿಸಿದ. ಬೆಲ್ಟ್ ಬದಲಾಯಿತು, ರೋಲರ್ ಸರಿಹೋಯಿತು. ನಾನು ಹತ್ತಿ ನಡೆದು ದಾರ ಎಳೆದರೆ ಬೆಲ್ಟು ನಿಲ್ಲಲಿಲ್ಲ, ಓಡುತ್ತಲೇ ಇತ್ತು. ಹಿಡಿ ಹಿಡಿದುಕೊಂಡು ಪಕ್ಕಕ್ಕೆ ಇಳಿದೆ. ಕೀ ಕೂರುವ ಜಾಗದ ಒಳಗಿನ ಚಿಕ್ಕ ಸ್ವಿಚ್ಚು ಹೋಗಿತ್ತು, ಒಮ್ಮೊಮ್ಮೆ ಕೀ ಇದ್ದರೂ ಮಷೀನು ಹತ್ತುತ್ತಿರಲಿಲ್ಲ, ಒಮ್ಮೊಮ್ಮೆ ಕೀ ಕಿತ್ತರೂ ನಿಲ್ಲುತ್ತಿರಲಿಲ್ಲ. ಹೊಸದು ತರಿಸಬೇಕು, ಬರೋಕೆ ದಿನ ಹಿಡಿಯುತ್ತದೆ ಅಂದರು. ಜಿಮ್ಮಿನ ಹುಡುಗ ಫೋನ್ ಮೇಲೆ ಫೋನ್ ಮಾಡಿ ಅವಸರ ಮಾಡಿದ. ನೋ ಅಂದರೆ ನೋ ಅಂದೆ. ಪ್ಲಗ್ಗಿಗೆ ಬಿಲ್ಲೆ ಕಟ್ಟಿದೆ.

ಆ ವಾರವೇ ಕೋಲಾರದಲ್ಲಿ ನನಗೆ ಕಣ್ಣಿನ ಪೊರೆ ಆಪರೇಷನ್. ತಂಗಿಯ ಮನೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಮಲಗಿದ್ದೆ. ಮೈದುನ ದಿನಾ ಫೋನ್ ಮಾಡುತ್ತಿದ್ದ. ಡ್ರಾಪ್ಸ್ ಆಕ್ಕೊಂಡ್ರಾ ಅತ್ಗೆ, ತಲೆ ಬಗ್ಗಿಸ್ಬ್ಯಾಡಿ ಅತ್ಗೆ. ಒಂದು ದಿನ, ಜಿಮ್ಮಿನ ಪಾರ್ಟ್ ಬಂತು, ಆಕಿದೀನಿ, ಚೆನ್ನಾಗಿ ಓಡ್ತೈತೆ ಅಂದ. ಹಾಗಾದರೆ ಇರಲಿ, ನಾನು ಬಂದು ನಡೆದು ನೋಡುತ್ತೇನೆ ಅಂದೆ. ಊಂ ಅಂದ.

ಕಪ್ಪು ಕನ್ನಡಕ ಹಾಕಿಕೊಂಡು ವಾಪಸ್ ಬಂದಾಗ ಶೆಡ್ಡಿನಲ್ಲಿ ಆ ಮಷೀನು ಇರಲಿಲ್ಲ. ಬಿಲ್ಲೆ ಮೊಳೆಯ ಮೇಲಿತ್ತು. ಹುಣಸೆಹಣ್ಣು ಹಾಕಿ ಉಜ್ಜಿ ಫಳಫಳ ಮಾಡಿದ್ದ. ನಂಬರು ನನ್ನ ಹೊಸ ಕಣ್ಣಿಗೆ ಎಷ್ಟು ಸ್ಪಷ್ಟವಾಗಿ ಕಂಡಿತು ಅಂದರೆ, ಯಜಮಾನರು ಇದ್ದಾಗಲೂ ಅಷ್ಟು ಚೆನ್ನಾಗಿ ಕಂಡಿರಲಿಲ್ಲವೇನೋ. ಹುಡುಗ ತುಂಬ ಅವಸರ ಮಾಡಿದ, ಅದಕ್ಕೇ ಕಳಿಸಿಬಿಟ್ಟೆ ಅಂದ ಮೈದುನ. ನನ್ನನ್ನು ಕಾಯದೆ ಕಳಿಸಿದ್ದಕ್ಕೆ ಒಂದು ಮಾತು ಗದರಿಸಿ ಸುಮ್ಮನಾದೆ. ಪಾರ್ಟ್ ಬಂತಲ್ಲ, ಮಷೀನು ಸರಿಯಾಯಿತಲ್ಲ. ಅಣ್ಣನ ಬಿಲ್ಲೆಯನ್ನು ಕೂತು ಉಜ್ಜಿದ್ದಾನಲ್ಲ ಅಂತ ಒಳಗೊಳಗೇ ಖುಷಿಯಾಯಿತು. ಆ ಖುಷಿಯನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಅದಾಗಿ ಸ್ವಲ್ಪ ದಿನಕ್ಕೆ ಕೊರಿಯರ್‌ನವನು ಬಾಗಿಲು ಬಡಿದ. ಮೈದುನ ಇರಲಿಲ್ಲ. ಪುಟ್ಟ ಡಬ್ಬ, ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು. ಬಿಡಿಸಿದರೆ ಒಳಗೆ ಆ ಸ್ವಿಚ್ಚು. ಜಿಮ್ಮಿನ ಮಷೀನಿಗೆ ಹಾಕಿಯಾಯಿತು ಅಂದಿದ್ದ ಸ್ವಿಚ್ಚು.

ಕೂತೆ. ಎರಡು ತರಿಸಿರಬಹುದು ಅಂದುಕೊಂಡೆ. ಬೇರೆ ಕಡೆಯಿಂದ ತಂದಿರಬಹುದು ಅಂದುಕೊಂಡೆ. ನಮ್ಮವರು ಅನ್ನಿಸಿಕೊಂಡವರಿಗೆ ನಾವೇ ಲಾಯರ್ ಆಗಿ ನಿಲ್ಲುತ್ತೇವೆ, ಫೀಸಿಲ್ಲದ ಲಾಯರ್. ಪಾರ್ಟ್ ಮಾರಿದವರಿಗೆ ಫೋನ್ ಮಾಡಿದೆ. ಸಾರಿ ಮೇಡಂ, ಲೇಟಾಯಿತು, ನಿಮ್ಮ ಆರ್ಡರ್ ಅದೊಂದೇ ಅಂದರು.

ಮೊಳೆಯಿಂದ ಬಿಲ್ಲೆ ತೆಗೆದು ಪರ್ಸಿಗೆ ಹಾಕಿಕೊಂಡೆ. ಮಾರಿಕುಪ್ಪಂನಲ್ಲಿ ರೈಲು ಹತ್ತಿದೆ. ಈ ರೈಲಿನಲ್ಲಿ ನಾನು ಹುಡುಗಿಯಾಗಿದ್ದಾಗಿನಿಂದ ಓಡಾಡಿದ್ದೇನೆ, ಕಿಟಕಿ ಪಕ್ಕ ಸೀಟು ಸಿಕ್ಕರೆ ಇವತ್ತಿಗೂ ಒಳಗೊಂದು ಹಾಡು ಬರುತ್ತದೆ. ಅವತ್ತು ಸೀಟು ಸಿಕ್ಕಿತು, ಹಾಡು ಬರಲಿಲ್ಲ. ಬಂಗಾರಪೇಟೆಯಲ್ಲಿ ಇಳಿದು, ಮಾರ್ಕೆಟ್ ದಾಟಿ, ಅಕ್ಕಿ ಅಂಗಡಿ ಪಕ್ಕದ ಕಡಿದಾದ ಮೆಟ್ಟಿಲನ್ನು ಕಂಬಿ ಹಿಡಿದು ಹತ್ತಿದೆ.

ಹೆಂಗಸರ ಬ್ಯಾಚ್ ನಡೆಯುತ್ತಿತ್ತು. ಆ ಮಷೀನಿನ ಮೇಲೆ ನನಗಿಂತ ಸ್ವಲ್ಪವೇ ಚಿಕ್ಕವರೊಬ್ಬರು ಚೂಡಿದಾರ್ ಹಾಕಿಕೊಂಡು ನಡೆಯುತ್ತಿದ್ದರು, ಸೇಫ್ಟಿ ಕೀಯ ಕ್ಲಿಪ್ಪನ್ನು ವೇಲಿಗೆ ಸಿಕ್ಕಿಸಿಕೊಂಡು. ಪ್ಲೀಸ್, ಒಂದು ನಿಮಿಷ ಇಳೀರಿ ಅಂದೆ. ಇಳಿದರು. ಖಾಲಿ ಬೆಲ್ಟ್ ಓಡಲು ಬಿಟ್ಟು ದಾರ ಎಳೆದೆ. ಕೀ ನನ್ನ ಕೈಗೆ ಬಂತು. ಬೆಲ್ಟ್ ಓಡುತ್ತಲೇ ಇತ್ತು. ಕೀ ಕೂರುವ ಜಾಗದ ಕೆಳಗೆ ಇಣುಕಿದರೆ, ಆ ಸ್ವಿಚ್ಚಿನ ಎರಡು ತಂತಿಗಳನ್ನು ಮೈದುನ ಒಂದಕ್ಕೊಂದು ಸೇರಿಸಿ ಸುತ್ತಿಬಿಟ್ಟಿದ್ದ ಅಷ್ಟೆ. ಕೀ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಜಿಮ್ಮಿನ ಹುಡುಗ ಓಡಿಬಂದ. ಅವನ ಮುಖದಲ್ಲಿ ಕಳ್ಳತನ ಇರಲಿಲ್ಲ, ಗಾಬರಿ ಇತ್ತು.

‘ಆಂಟಿ, ನೀವೇ ನಡೆದು ನೋಡಿದ್ರಂತಲ್ಲ? ಅಂಕಲ್ ಹೇಳಿದ್ರು. ಅತ್ತಿಗೆ ನಡೆದ್ರು, ಅವರೇ ಬಿಲ್ಲೆ ಬಿಚ್ಚಿ ಕೊಟ್ರು ಅಂತ.’

ನಾನು ಕೋಲಾರದಲ್ಲಿ ಕಣ್ಣು ಮುಚ್ಚಿಕೊಂಡು ಮಲಗಿದ್ದಾಗ, ಇಲ್ಲಿ ಇನ್ನೊಬ್ಬಳು ನಾನು ಆ ಮಷೀನಿನ ಮೇಲೆ ನಡೆದಿದ್ದಳು. ಪ್ಲಗ್ ಕಿತ್ತೆ, ಅದಕ್ಕೆ ಬಿಲ್ಲೆ ಕಟ್ಟಿದೆ. ಪಾರ್ಟ್ ಹಾಕುವವರೆಗೂ ಇದನ್ನು ಮುಟ್ಟಬೇಡಿ ಅಂದೆ. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಹತ್ತಿರ ಬಂದು ಬಗ್ಗಿ ಬಿಲ್ಲೆ ನೋಡಿದಳು. ನಂದಿದುರ್ಗ ಲೈನಿನವಳಂತೆ. ತನ್ನಪ್ಪನ ಹತ್ತಿರವೂ ಇಂಥದ್ದೇ ಇತ್ತು ಅಂತ ತಮಿಳಿನಲ್ಲಿ ಹೇಳಿ, ಪೊರಕೆಯನ್ನು ಆ ಪ್ಲಗ್ಗಿನಿಂದ ದೂರ ಸರಿಸಿಕೊಂಡು ಗುಡಿಸತೊಡಗಿದಳು.

ಮಾರನೆಯ ದಿನ ಮೈದುನ ಬಂದ. ಹುಡುಗ ಫೋನ್ ಮಾಡಿ ಎಲ್ಲ ಹೇಳಿದ್ದನೆಂದು ಅವನು ಚಪ್ಪಲಿ ಬಿಟ್ಟ ರೀತಿಯಲ್ಲೇ ಗೊತ್ತಾಯಿತು. ಅಡುಗೆಮನೆವರೆಗೆ ಬರಲಿಲ್ಲ. ವರಾಂಡದಲ್ಲೇ ಸ್ಟೂಲ್ ಎಳೆದುಕೊಂಡ. ನಾನು ಪುಟ್ಟ ಡಬ್ಬವನ್ನು ಅವನ ಮುಂದೆ ಇಟ್ಟೆ.

‘ಬಿಲ್ಲೆ ಬಿಚ್ಚಿದ್ದು ಯಾರು?’

‘ನಾನೇ. ಇನ್ಯಾರು ಬಿಚ್ತಾರೆ?’

‘ಕಟ್ಟಿದ್ದು ನಾನು.’

‘ನಿಮ್ದಲ್ವಲ್ಲ ಅತ್ಗೆ ಅದು, ನಮ್ಮಣ್ಣಂದು. ಅಣ್ಣ ಬಂದು ಬಿಚ್ಲಿ ಅಂತ ಕಾಯ್ಬೇಕಾಗಿತ್ತಾ?’

ಎಷ್ಟು ದಿನದಿಂದ ಆ ಮಾತನ್ನು ನಾಲಿಗೆಯ ಕೆಳಗೆ ಇಟ್ಟುಕೊಂಡಿದ್ದನೋ. ಮಾತಿನಲ್ಲಿ ತಪ್ಪು ಹಿಡಿಯೋಕೂ ಆಗಲಿಲ್ಲ. ಬಿಲ್ಲೆಯ ಮೇಲಿನ ನಂಬರು ನನ್ನದಲ್ಲ, ನಾನು ಗಣಿಯೊಳಗೆ ಒಂದು ದಿನವೂ ಇಳಿದವಳಲ್ಲ. ತೀರಿಹೋದವರ ಬಿಲ್ಲೆ ಕಟ್ಟಿ, ಅದನ್ನು ಜೀವಂತ ಮನುಷ್ಯರು ನಂಬಲಿ ಅಂತ ಕೂತಿದ್ದೆ. ನಂಬಿದ್ದರು ಕೂಡ.

ಅವನು ಮುಂದುವರಿಸಿದ. ಒಂದು ವಾರ ತಡವಾದರೆ ಆ ಹುಡುಗ ಬೆಂಗಳೂರಿನವರನ್ನು ಕರೆಸುತ್ತಿದ್ದ, ಬಂಗಾರಪೇಟೆಯ ಕೆಲಸವೆಲ್ಲ ಕೈಬಿಟ್ಟು ಹೋಗುತ್ತಿತ್ತು. ಪಾರ್ಟ್ ಬಂದ ಮೇಲೆ ಸದ್ದಿಲ್ಲದೆ ಹಾಕಿಬಂದರಾಯಿತು ಅಂದುಕೊಂಡಿದ್ದ. ನನಗಂತೂ ಎಲ್ಲದಕ್ಕೂ ಭಯವಂತೆ. ಅಷ್ಟರಲ್ಲಿ ಯಾರು ಬೀಳುತ್ತಾರೆ? ಬಿದ್ದರಾ?

ಯಾರೂ ಬಿದ್ದಿರಲಿಲ್ಲ, ದೇವರ ದಯೆ.

‘ತಂತಿ ಸುತ್ತಿದ್ದು ಹಾಳಾಗಿ ಹೋಗಲಿ’ ಅಂದೆ. ‘ನಾನು ನಡೆದೆ ಅಂತ ಯಾಕೆ ಹೇಳಿದೆ?’

ಅವನು ಮೊದಲ ಸಲ ನನ್ನ ಮುಖ ನೋಡಿದ.

‘ಅತ್ಗೆ ನಡುದ್ರು ಅಂದ್ರೆ ಸಾಕು, ಆಮ್ಯಾಕೆ ಯಾರೂ ಏನೂ ಕೇಳಲ್ಲ. ಅಂಗೆ ಅಭ್ಯಾಸ ಮಾಡ್ಸಿರೋರು ನೀವೇ ಅಲ್ವಾ.’

ಕಾನ್ವೆಂಟಿನಲ್ಲಿ ಒಬ್ಬ ಐರಿಷ್ ಸಿಸ್ಟರ್ ಇದ್ದರು. ಯಾರಾದರೂ ಸುಳ್ಳು ಹೇಳಿದರೆ ಹೊಡೆಯುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂತು ತಮ್ಮ ಕೈಗಳನ್ನೇ ನೋಡಿಕೊಳ್ಳುತ್ತಿದ್ದರು, ನಾವು ಅತ್ತುಬಿಡುತ್ತಿದ್ದೆವು. ನಾನೂ ಹಾಗೇ ಕೂತೆ. ಆದರೆ ನೋಡಿದ್ದು ನನ್ನ ಕೈಗಳನ್ನಲ್ಲ, ಅವನವನ್ನು. ಗೆಣ್ಣುಗಳಲ್ಲಿ ಗ್ರೀಸು ಕೂತ, ಹತ್ತೂ ಬೆರಳು ಸರಿಯಾಗಿರುವ, ಅವನ ಅಣ್ಣ ಕೊಟ್ಟ ಕೈಗಳು. ನಾನು ನೋಡುವುದನ್ನು ಅವನು ಕಂಡ. ಕೈಗಳನ್ನು ತೊಡೆಯ ಕೆಳಗೆ ಸೇರಿಸಿಕೊಂಡ. ಡಬ್ಬ ತೆಗೆದು ಷರ್ಟಿನ ಜೇಬಿಗೆ ಹಾಕಿಕೊಂಡು ಎದ್ದ. ಟೂಲ್ ಬ್ಯಾಗನ್ನೂ ಹೆಗಲಿಗೆ ಹಾಕಿಕೊಂಡ. ಯಾವಾಗಲೂ ಅದನ್ನು ಶೆಡ್ಡಿನಲ್ಲೇ ಬಿಟ್ಟು ಹೋಗುತ್ತಿದ್ದ.

ಮಾರನೆಯ ದಿನ ಜಿಮ್ಮಿನ ಹುಡುಗ ಫೋನ್ ಮಾಡಿದ. ಅಂಕಲ್ ಬಂದು ಸ್ವಿಚ್ಚು ಹಾಕಿದ್ದಾರೆ ಆಂಟಿ, ಆದರೆ ಪ್ಲಗ್ ಹಾಕಲಿಲ್ಲ. ಕಟ್ಟಿದವರೇ ಬಂದು ಬಿಚ್ಚಲಿ ಅಂದರು. ನಮ್ಮ ಗುಡಿಸುವ ಅಮ್ಮನೂ ಯಾರನ್ನೂ ಹತ್ತಿರ ಬಿಡುತ್ತಿಲ್ಲ. ನೀವು ಬರಬೇಕು.

ಹೋದೆ. ಮೈದುನ ಇನ್ನೂ ಅಲ್ಲೇ ಇದ್ದ, ಕಿಟಕಿ ಹತ್ತಿರ ನಿಂತು ಹಳೆ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಿದ್ದ. ಬಿಲ್ಲೆ ಬಿಚ್ಚಿದೆ. ಪ್ಲಗ್ ಹಾಕಿದೆ. ಕ್ಲಿಪ್ಪನ್ನು ಸೆರಗಿಗೆ ಸಿಕ್ಕಿಸಿ ಹತ್ತಿ ನಡೆದೆ. ಹೆಂಗಸರೆಲ್ಲ ವ್ಯಾಯಾಮ ನಿಲ್ಲಿಸಿ ನೋಡುತ್ತಿದ್ದರು. ದಾರ ಎಳೆದೆ, ಬೆಲ್ಟ್ ಅಲ್ಲೇ ನಿಂತಿತು. ಕೆಲಸ ನೀಟಾಗಿತ್ತು, ಅವನ ಕೆಲಸ ಯಾವಾಗಲೂ ನೀಟೇ. ಹುಡುಗ ಚಪ್ಪಾಳೆ ತಟ್ಟಿದ. ತಿರುಗಿ ನೋಡಿದರೆ ಮೈದುನ ಮೆಟ್ಟಿಲು ಇಳಿಯುತ್ತಿದ್ದ. ‘ಬತ್ತೀನಿ ಅತ್ಗೆ’ ಅಂದ, ಯಾವಾಗಲೂ ಅನ್ನುವ ಹಾಗೆ. ಅವತ್ತಿನಿಂದ ನನ್ನ ಮನೆಗೆ ಬಂದಿಲ್ಲ. ಬಂಗಾರಪೇಟೆಯಲ್ಲೇ ಬೇರೆಯಾಗಿ ಕೆಲಸ ಹಿಡಿದಿದ್ದಾನಂತೆ.

ಅವತ್ತು ಅವನು ಬಿಲ್ಲೆ ಮುಟ್ಟಲಿಲ್ಲವಲ್ಲ, ಮನಸ್ಸು ಕರಗಲಿಲ್ಲವಾ ಅಂತ ನನ್ನ ತಂಗಿ ಕೇಳುತ್ತಾಳೆ. ಕರಗಿತು. ಆದರೆ ನನ್ನನ್ನು ಕೊರೆಯುವುದು ಆ ದಿನವಲ್ಲ. ಅದಕ್ಕಿಂತ ಮುಂಚಿನ ದಿನಗಳು. ಮಧ್ಯಾಹ್ನ ಊಟ ಮಾಡಿ ನಾನು ಒಳಗೆ ಮಲಗುತ್ತಿದ್ದೆ, ನಿದ್ದೆಯಲ್ಲಿ ಶೆಡ್ಡಿನ ಸ್ಪ್ಯಾನರ್ ಸದ್ದು ಕೇಳಿಸುತ್ತಿತ್ತು, ಮನೆಯಲ್ಲಿ ಯಾರೋ ಇದ್ದಾರೆ ಅನ್ನುವ ಆ ಸದ್ದು ನನಗೆ ಎಷ್ಟು ಇಷ್ಟ ಇತ್ತು. ಮಂಡಿ ನೋವು ಜಾಸ್ತಿಯಾದ ದಿನ, ಈವೊತ್ತು ನೀವ್ ಮಷೀನ್ ಅತ್ಬ್ಯಾಡಿ ಅತ್ಗೆ, ನಾನೇ ನೋಡ್ತೀನಿ ಅನ್ನುತ್ತಿದ್ದ. ಎಷ್ಟು ಕಾಳಜಿ ಅಂದುಕೊಂಡಿದ್ದೆ. ಆ ದಿನಗಳಲ್ಲಿ ಶೆಡ್ ಬಿಟ್ಟು ಹೋದ ಮಷೀನುಗಳ ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ. ಅದನ್ನು ಅವನನ್ನೇ ಕೇಳಬಹುದು. ಇಲ್ಲ ಅಂದರೆ ನಂಬುತ್ತೇನಾ?

ಹಾಗಾಗಿ ಈಗ ನಾನೇ ಹೋಗುತ್ತಿದ್ದೇನೆ. ನಾವು ರಿಪೇರಿ ಮಾಡಿದ ಮನೆ ಮನೆಗೆ, ಮಂಡಿ ಒಪ್ಪಿದ ದಿನ. ರಾಬರ್ಟ್‌ಸನ್‌ಪೇಟೆಯ ಆ ವಿಡಿಯೊ ಮಾಡಿಕೊಂಡವರ ಮನೆಗೆ ಮೊನ್ನೆ ಹೋದೆ. ಟ್ರೆಡ್‌ಮಿಲ್ಲಿನ ಮೇಲೆ ಟವೆಲ್ಲು, ಒಳ ಅಂಗಿ, ಮಗುವಿನ ಯೂನಿಫಾರ್ಮ್. ಅವರು ನಾಚಿಕೊಂಡು ಎಲ್ಲ ತೆಗೆದರು. ಚೆನ್ನಾಗೇ ಇದೆಯಲ್ಲ, ಇನ್ನೇನು ನೋಡುತ್ತೀರಿ ಅಂದರು. ಫ್ರೀ ಸರ್ವೀಸ್ ಅಂದೆ. ನಿಮ್ಮ ಮೈದುನ ಬರಲಿಲ್ವಾ ಅಂದರು. ಅವನಿಗೆ ಬಂಗಾರಪೇಟೆಯಲ್ಲಿ ತುಂಬ ಕೆಲಸ ಅಂದೆ.

ಕ್ಲಿಪ್ಪನ್ನು ಸೆರಗಿಗೆ ಸಿಕ್ಕಿಸಿದೆ. ನಡೆದೆ. ಎಳೆಯುವ ಮುಂಚೆ ಒಂದು ಕೈಯಲ್ಲಿ ಹಿಡಿಯನ್ನು ಬಿಗಿಯಾಗಿ ಹಿಡಿದುಕೊಂಡೆ. ಮೊದಲು ಹಾಗೆ ಹಿಡಿಯುತ್ತಿರಲಿಲ್ಲ.